ದಾಳಕ್ಕೆ ಸಿಗದ ನೂರ್

ಕಳೆದ ಬೇಸಿಗೆಯಲ್ಲಿ ನಾನು ಒಬ್ಬ ಗೂಢಚಾರಿಣಿಯನ್ನು ಹುಟ್ಟಿಸಬೇಕಾಗಿ ಬಂತು. ಸಿನಿಮಾಕ್ಕಲ್ಲ, ಕಾದಂಬರಿಗೂ ಅಲ್ಲ. ಭಾನುವಾರ ಸಂಜೆ ನಾವು ಗೆಳೆಯರು ಸೇರಿ ಆಡುವ ಒಂದು ಆಟಕ್ಕೆ.

ಮೈಸೂರಿನಲ್ಲಿ ನಾವು ಐದು ಮಂದಿ ಇದ್ದೇವೆ. ಇಬ್ಬರು ಎಂ.ಎ. ಓದುತ್ತಿದ್ದಾರೆ, ಉಳಿದ ಮೂವರು ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿರುವವರು. ನಾನು ಈ ಮೂವರಲ್ಲಿ ಒಬ್ಬಳು. ನಾವು ಆಡುವುದು ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್. ಹೆಸರು ಕೇಳಿ ಗಾಬರಿಯಾಗಬೇಡಿ. ತಾಳಮದ್ದಳೆ ನೋಡಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಕೂತಲ್ಲೇ ಕರ್ಣನೋ ಕೃಷ್ಣನೋ ಆಗಿ ಮಾತಾಡುತ್ತಾರೆ, ಭಾಗವತರು ಪ್ರಸಂಗವನ್ನು ಮುಂದಕ್ಕೆ ನಡೆಸುತ್ತಾರೆ. ನಮ್ಮಲ್ಲಿ ಭಾಗವತರ ಜಾಗದಲ್ಲಿ ಗೇಮ್ ಮಾಸ್ಟರ್ ಇರುತ್ತಾನೆ. ಹಾಡಿನ ಬದಲು ದಾಳ. 1974ರಲ್ಲಿ ಅಮೆರಿಕದಲ್ಲಿ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಈ ಬಗೆಯ ಆಟಗಳಿಗೆಲ್ಲ ಹಿರಿಯಣ್ಣ. ರಾಕ್ಷಸರು, ಮಾಂತ್ರಿಕರು ಸಾಕು ಎನಿಸಿದವರಿಗಾಗಿ ಆಮೇಲೆ ಬೇಹುಗಾರಿಕೆಯ ಆಟಗಳೂ ಬಂದವು.

ಆಟಗಾರರಿಗೆಲ್ಲ ಒಂದೊಂದು ಹಾಳೆ ಸಿಗುತ್ತದೆ. ಅದಕ್ಕೆ ಕ್ಯಾರೆಕ್ಟರ್ ಶೀಟ್ ಎನ್ನುತ್ತಾರೆ. ನಮ್ಮ ಬಯೋಡೇಟಾ ಇದ್ದ ಹಾಗೆಯೇ: ಹೆಸರು, ವಯಸ್ಸು, ಮನೆತನ, ಕೌಶಲ, ದೌರ್ಬಲ್ಯ, ಕೈಯಲ್ಲಿರುವ ಸಾಮಾನು. ಪ್ರತಿ ಕೌಶಲಕ್ಕೂ ಇಷ್ಟು ಅಂಕ ಅಂತ ಹಾಕಬೇಕು. ಗೋಡೆ ಹತ್ತಬೇಕೋ, ಸುಳ್ಳು ಹೇಳಬೇಕೋ, ದಾಳ ಉರುಳಿಸಿ ಬಂದದ್ದಕ್ಕೆ ಆ ಅಂಕ ಸೇರಿಸಿದರೆ ಗೆದ್ದೆವೋ ಸೋತೆವೋ ಗೊತ್ತಾಗುತ್ತದೆ.

ಈ ಸಲದ ಕಥೆ 1956ರ ಪ್ಯಾರಿಸ್‌ನಲ್ಲಿ ನಡೆಯುತ್ತದೆ ಎಂದು ಗೇಮ್ ಮಾಸ್ಟರ್ ಹೇಳಿದ. ಜತೆಗೊಂದು ಷರತ್ತು ಹಾಕಿದ. ಎಲ್ಲರೂ ಲೆಗಸಿ ಪಾತ್ರಗಳನ್ನೇ ಮಾಡಬೇಕು. ಅಂದರೆ ಎರಡನೇ ಮಹಾಯುದ್ಧದ ನಿಜವಾದ ಒಬ್ಬ ಗೂಢಚಾರರಿಂದ ಏನನ್ನಾದರೂ ಬಳುವಳಿಯಾಗಿ ಪಡೆದ ಪಾತ್ರ. ಆ ಬಳುವಳಿ ಏನು ಎಂದು ಒಂದೇ ಸಾಲಿನಲ್ಲಿ ಬರೆದರೆ ಎರಡು ಅಂಕ ಹೆಚ್ಚು.

ನಾನು ಐದೇ ನಿಮಿಷದಲ್ಲಿ ಬರೆದು ಮುಗಿಸಿದೆ. ಗೂಢಚಾರಿಣಿ: ನೂರ್ ಇನಾಯತ್ ಖಾನ್. ಮನೆತನ: ಟಿಪ್ಪು ಸುಲ್ತಾನ್. ಬಳುವಳಿ: ಹುಲಿಯ ರಕ್ತ, ಧೈರ್ಯಕ್ಕೆ ಎರಡು ಅಂಕ. ಶ್ರೀರಂಗಪಟ್ಟಣ ನಮ್ಮಿಂದ ಹದಿನೈದು ಕಿಲೋಮೀಟರ್. ಇಷ್ಟು ಹತ್ತಿರದ ನಂಟು ಬೇರೆ ಯಾರಿಗೆ ಸಿಕ್ಕೀತು ಎಂದು ಬೀಗಿದೆ. ಗೇಮ್ ಮಾಸ್ಟರ್ ಹಾಳೆ ನೋಡಿ, ನೂರ್ ಬಗ್ಗೆ ಏನಾದರೂ ಓದಿದ್ದೀಯಾ ಎಂದು ಕೇಳಿದ. ಓದಿರಲಿಲ್ಲ. ಶ್ರಾಬಣಿ ಬಸು 2006ರಲ್ಲಿ ಪ್ರಕಟಿಸಿದ ‘ಸ್ಪೈ ಪ್ರಿನ್ಸೆಸ್’ ಎಂಬ ಜೀವನಚರಿತ್ರೆ ಇದೆ, ಮೊದಲು ಅದನ್ನು ಓದು ಎಂದ. ಓದಿದೆ. ಓದುತ್ತಾ ಹೋದಂತೆ ನನ್ನ ಹಾಳೆಯ ಒಂದೊಂದೇ ಸಾಲು ಅಳಿಸಿಹೋಯಿತು.

ಮೊದಲು ಅಳಿಸಿದ್ದು ಹುಲಿಯ ರಕ್ತ. 1799ರ ಮೇ 4ರಂದು ಟಿಪ್ಪು ಸತ್ತ ಮೇಲೆ ಬ್ರಿಟಿಷರು ಅವನ ಕುಟುಂಬವನ್ನು ವೆಲ್ಲೂರಿಗೆ ಸಾಗಿಸಿದರು. 1806ರಲ್ಲಿ ಅಲ್ಲಿ ಸಿಪಾಯಿಗಳು ದಂಗೆ ಎದ್ದ ಮೇಲೆ ಕಲ್ಕತ್ತಾಕ್ಕೆ ಕಳಿಸಿದರು. ಆ ವಂಶದ ಒಬ್ಬ ಹೆಣ್ಣುಮಗಳು, ಟಿಪ್ಪುವಿನ ಮೊಮ್ಮಗಳು, ಮೌಲಾ ಬಕ್ಷ್ ಎಂಬ ಸಂಗೀತಗಾರನನ್ನು ಮದುವೆಯಾದಳು ಎಂಬುದು ನೂರ್ ಮನೆತನದವರು ನಂಬಿಕೊಂಡು ಬಂದ ಸಂಗತಿ. ಮೌಲಾ ಬಕ್ಷ್ ಉತ್ತರದವನಾದರೂ ಕರ್ನಾಟಕ ಸಂಗೀತ ಕಲಿತವನು, ಮೈಸೂರು ಅರಮನೆಯಲ್ಲಿ ಮನ್ನಣೆ ಪಡೆದವನು. ಮುಂದೆ ಬರೋಡಾದಲ್ಲಿ ಸಂಗೀತ ಶಾಲೆ ಕಟ್ಟಿದ. ಅವನ ಮಗಳ ಮಗನೇ ಇನಾಯತ್ ಖಾನ್. ವೀಣೆ ಹಿಡಿದು 1910ರಲ್ಲಿ ಪಶ್ಚಿಮ ದೇಶಗಳಿಗೆ ಹೋದ ಈ ಯುವಕ ಅಲ್ಲಿ ಸೂಫಿ ಗುರುವಾಗಿ ಹೆಸರಾದ. ಅಮೆರಿಕದ ಓರಾ ರೇ ಬೇಕರ್ ಎಂಬ ಹುಡುಗಿ ಮನೆಯವರ ವಿರೋಧ ಕಟ್ಟಿಕೊಂಡು ಅವನನ್ನು ಮದುವೆಯಾದಳು. ಅವರ ಮೊದಲ ಮಗು ನೂರ್ ಉನ್ನೀಸಾ 1914ರ ಜನವರಿಯಲ್ಲಿ ಮಾಸ್ಕೋದಲ್ಲಿ ಹುಟ್ಟಿತು. ಆ ಹೆಸರಿಗೆ ಹೆಣ್ಣುಕುಲದ ಬೆಳಕು ಎಂದು ಅರ್ಥ.

ಅಂದರೆ ಟಿಪ್ಪುವಿನಿಂದ ನೂರ್‌ವರೆಗೆ ಬರುವಷ್ಟರಲ್ಲಿ ಕತ್ತಿ ಎಲ್ಲೋ ಕಳೆದುಹೋಗಿ ವೀಣೆ ಉಳಿದಿತ್ತು. ಆ ಮನೆಯಲ್ಲಿ ಮಕ್ಕಳಿಗೆ ಕಲಿಸಿದ್ದು ಸಂಗೀತ, ಧ್ಯಾನ ಮತ್ತು ಅಹಿಂಸೆ.

ಎರಡನೆಯದು ಕೌಶಲಗಳ ಸಾಲು. ಗೂಢಚಾರಿಣಿ ಎಂದರೆ ಬಾಲ್ಯದಿಂದಲೇ ಚುರುಕು, ಚಾಲಾಕು ಎಂದುಕೊಂಡಿದ್ದೆ. ನೂರ್ ನಾಚಿಕೆಯ ಹುಡುಗಿ. ಯುದ್ಧದ ದಿನಗಳನ್ನು ಲಂಡನ್ನಿನಲ್ಲಿ ಕಳೆದ ಕುಟುಂಬ 1920ರಲ್ಲಿ ಫ್ರಾನ್ಸಿಗೆ ಬಂತು. ಪ್ಯಾರಿಸ್ ಪಕ್ಕದ ಸುರೇನ್ ಎಂಬ ಊರಿನಲ್ಲಿ, ಫಜಲ್ ಮಂಜಿಲ್ ಎಂದು ಹೆಸರಿಟ್ಟ ಮನೆಯಲ್ಲಿ ನೆಲೆ ನಿಂತಿತು. 1926ರಲ್ಲಿ ತಂದೆ ಭಾರತಕ್ಕೆ ಹೊರಟ. ಮರುವರ್ಷ ಫೆಬ್ರುವರಿಯಲ್ಲಿ ದೆಹಲಿಯಲ್ಲಿ ತೀರಿಕೊಂಡ ಸುದ್ದಿ ಬಂತು. ತಾಯಿ ದುಃಖದಲ್ಲಿ ಕೋಣೆ ಸೇರಿ ಬಾಗಿಲು ಹಾಕಿಕೊಂಡಳು. ಇಬ್ಬರು ತಮ್ಮಂದಿರು, ಒಬ್ಬ ತಂಗಿ, ಮನೆಯ ಖರ್ಚುವೆಚ್ಚ, ಬಂದುಹೋಗುವವರು, ಎಲ್ಲವೂ ಹದಿಮೂರರ ನೂರ್ ಹೆಗಲಿಗೆ ಬಿತ್ತು.

ನಮ್ಮ ಊರುಗಳಲ್ಲಿ ಇಂಥ ಅಕ್ಕಂದಿರನ್ನು ನಾವು ಕಂಡಿದ್ದೇವೆ. ತಮ್ಮ ಓದನ್ನು ಬದಿಗಿಟ್ಟು ತಮ್ಮತಂಗಿಯರ ಫೀಸು ಕಟ್ಟುವವರು. ನೂರ್ ಓದನ್ನು ಬಿಡಲಿಲ್ಲ. ಸೊರ್ಬಾನ್ ವಿಶ್ವವಿದ್ಯಾಲಯದಲ್ಲಿ ಮಕ್ಕಳ ಮನಶ್ಶಾಸ್ತ್ರ ಓದಿದಳು. ಪಿಯಾನೊ ಮತ್ತು ಹಾರ್ಪ್ ಕಲಿತಳು. ವೀಣೆಯೂ ಬರುತ್ತಿತ್ತು, ಆಕೆ ವೀಣೆ ಹಿಡಿದು ಕೂತ ಹಳೆಯ ಫೋಟೊ ಈಗಲೂ ಸಿಗುತ್ತದೆ. ಮಕ್ಕಳಿಗಾಗಿ ಕಥೆ ಬರೆಯತೊಡಗಿದಳು. ಫಿಗಾರೊ ಪತ್ರಿಕೆಯಲ್ಲಿ ಅವು ಬಂದವು, ಪ್ಯಾರಿಸ್ ರೇಡಿಯೊದಲ್ಲಿ ಪ್ರಸಾರವಾದವು. 1939ರಲ್ಲಿ ಬುದ್ಧನ ಜಾತಕ ಕಥೆಗಳಲ್ಲಿ ಇಪ್ಪತ್ತನ್ನು ಆಯ್ದು ಆಕೆ ಇಂಗ್ಲಿಷಿನಲ್ಲಿ ಬರೆದ ಪುಸ್ತಕ ಲಂಡನ್ನಿನಲ್ಲಿ ಪ್ರಕಟವಾಯಿತು. ಅದರಲ್ಲಿ ಕೋತಿಗಳ ರಾಜನ ಕಥೆ ಇದೆ. ಬೇಟೆಗಾರರು ಸುತ್ತುವರಿದಾಗ ಆ ರಾಜ ಎರಡು ದಡಗಳ ನಡುವೆ ತನ್ನ ಮೈಯನ್ನೇ ಸೇತುವೆಯಾಗಿ ಚಾಚುತ್ತಾನೆ. ಹಿಂಡೆಲ್ಲ ಅವನ ಬೆನ್ನು ತುಳಿದು ಪಾರಾಗುತ್ತದೆ, ಅವನು ಮಾತ್ರ ಬದುಕುವುದಿಲ್ಲ. ಇಪ್ಪತ್ತೈದರ ಹುಡುಗಿ ಕುಳಿತು ಈ ಕಥೆಯನ್ನು ಮಕ್ಕಳಿಗೆ ಹೇಳುವ ಹೊತ್ತಿಗೆ ಯುರೋಪಿನ ಮೇಲೆ ಮತ್ತೆ ಯುದ್ಧದ ಮೋಡ ಕವಿದಿತ್ತು.

1940ರ ಜೂನ್‌ನಲ್ಲಿ ಜರ್ಮನ್ ಸೇನೆ ಪ್ಯಾರಿಸ್ ಹೊಕ್ಕಿತು. ಅಹಿಂಸೆಯ ಮನೆಯಲ್ಲಿ ಬೆಳೆದ ಮಕ್ಕಳು ಈಗ ಏನು ಮಾಡಬೇಕು? ನೂರ್ ಮತ್ತು ತಮ್ಮ ವಿಲಾಯತ್ ಕೂತು ಯೋಚಿಸಿದರು. ಕಣ್ಣೆದುರಿಗೆ ಜನರನ್ನು ಕೊಲ್ಲುತ್ತಿರುವಾಗ ಕೈಕಟ್ಟಿ ಕೂರುವುದು ಅಹಿಂಸೆಯಲ್ಲ. ಹಾಗೆಂದು ಕೊಲ್ಲುವುದೂ ತಮ್ಮಿಂದಾಗದು. ಅಪಾಯ ಎಲ್ಲಕ್ಕಿಂತ ಹೆಚ್ಚಿರುವ, ಆದರೆ ತಾವು ಕೊಲ್ಲಬೇಕಿಲ್ಲದ ಕೆಲಸವನ್ನೇ ಹುಡುಕಬೇಕು ಎಂದು ತೀರ್ಮಾನಿಸಿದರು. ಕುಟುಂಬ ಬೋರ್ಡೊ ಬಂದರಿನ ದಾರಿಯಾಗಿ ಹಡಗು ಹಿಡಿದು ಇಂಗ್ಲೆಂಡ್ ತಲುಪಿತು. ನವೆಂಬರ್‌ನಲ್ಲಿ ನೂರ್ ಬ್ರಿಟಿಷ್ ವಾಯುಪಡೆಯ ಮಹಿಳಾ ದಳ ಸೇರಿ ವೈರ್‌ಲೆಸ್ ಆಪರೇಟರ್ ಕೆಲಸ ಕಲಿಯತೊಡಗಿದಳು. ಹಾರ್ಪ್ ನುಡಿಸುವ ಬೆರಳುಗಳು ಮೋರ್ಸ್ ಕೀಲಿಯ ಮೇಲೆ ಹಗುರಾಗಿ ಓಡಿರಬೇಕು ಎಂದು ನಾನು ಊಹಿಸಿದ್ದೆ. ಹಾಗಲ್ಲ, ಆಕೆ ಕೀಲಿಯನ್ನು ದಬದಬನೆ ಬಡಿಯುತ್ತಿದ್ದಳಂತೆ. ಚಳಿಗೆ ಬೆರಳು ಬಾತುಕೊಂಡದ್ದು ಕಾರಣ ಎನ್ನುತ್ತಾರೆ. ಜತೆಯವರು ಅದಕ್ಕೊಂದು ಅಡ್ಡಹೆಸರನ್ನೂ ಇಟ್ಟಿದ್ದರು.

ಇಂಟರ್‌ವ್ಯೂಗಳಿಗೆ ಅಲೆಯುತ್ತಿರುವ ನನಗೆ ಆಕೆ ಎದುರಿಸಿದ ಎರಡು ಸಂದರ್ಶನಗಳು ಬಹಳ ಹಿಡಿಸಿದವು. ಅಧಿಕಾರಿ ಹುದ್ದೆಯ ಸಂದರ್ಶನವೊಂದರಲ್ಲಿ ಭಾರತದ ಸ್ವಾತಂತ್ರ್ಯದ ಮಾತು ಬಂತು. ಯುದ್ಧ ನಡೆಯುವವರೆಗೆ ಬ್ರಿಟನ್‌ಗೆ ನಿಷ್ಠಳಾಗಿರುತ್ತೇನೆ, ಮುಗಿದ ಮೇಲೆ ಭಾರತದ ಸ್ವಾತಂತ್ರ್ಯದ ಪರ ನಿಲ್ಲುತ್ತೇನೆ ಎಂಬ ಅರ್ಥದಲ್ಲಿ ಬ್ರಿಟಿಷ್ ಅಧಿಕಾರಿಗಳ ಮುಖಕ್ಕೇ ಹೇಳಿ ಬಂದಳು. ಕೆಲಸ ಹೋಯಿತು ಎಂದುಕೊಂಡಿದ್ದಳು, ಹೋಗಲಿಲ್ಲ. ಎರಡನೆಯದು 1942ರ ನವೆಂಬರ್‌ನಲ್ಲಿ, ಲಂಡನ್ನಿನ ಒಂದು ಹೋಟೆಲಿನ ಕೋಣೆಯಲ್ಲಿ. ಫ್ರಾನ್ಸಿನೊಳಗೆ ಗುಟ್ಟಾಗಿ ಜನರನ್ನು ಇಳಿಸುತ್ತಿದ್ದ ಎಸ್‌ಒಇ ಎಂಬ ಸಂಸ್ಥೆಗೆ ಫ್ರೆಂಚ್ ಬಲ್ಲ ವೈರ್‌ಲೆಸ್ ಆಪರೇಟರ್‌ಗಳು ತುರ್ತಾಗಿ ಬೇಕಿದ್ದರು. ಸಂದರ್ಶನ ಮಾಡಿದ ಸೆಲ್ವಿನ್ ಜೆಪ್ಸನ್ ಏನನ್ನೂ ಮುಚ್ಚಿಡಲಿಲ್ಲ. ಸಮವಸ್ತ್ರದ ರಕ್ಷಣೆ ಇರದು, ಸಿಕ್ಕಿಬಿದ್ದರೆ ವಿಚಾರಣೆ, ಚಿತ್ರಹಿಂಸೆ, ಸಾವು. ಸಂಬಳದಲ್ಲೂ ಏನೂ ವಿಶೇಷವಿಲ್ಲ. ನೂರ್ ಅಲ್ಲೇ ಒಪ್ಪಿದಳು.

ಆಮೇಲೆ ಬಂದದ್ದು ತರಬೇತಿ. ಇಲ್ಲಿಗೆ ನನ್ನ ಹಾಳೆ ಪೂರ್ತಿ ಹರಿದುಹೋಯಿತು. ತರಬೇತುದಾರರು ಬರೆದ ವರದಿಗಳು ಇಂದಿಗೂ ದಾಖಲೆಯಲ್ಲಿವೆ. ಆಯುಧ ಕಂಡರೆ ಹೆದರುತ್ತಾಳೆ. ಮೈ ಚುರುಕಿಲ್ಲ. ಭಾವುಕಳು, ಬೇಗ ಗಲಿಬಿಲಿಗೊಳ್ಳುತ್ತಾಳೆ. ಈ ಕೆಲಸಕ್ಕೆ ಒಗ್ಗುತ್ತಾಳೋ ಇಲ್ಲವೋ ಅನುಮಾನ. ಅಣಕು ವಿಚಾರಣೆಯಲ್ಲಿ ಗೆಸ್ಟಾಪೊ ವೇಷದವರು ಅಬ್ಬರಿಸಿದಾಗ ಆಕೆಗೆ ದನಿಯೇ ಹೊರಡಲಿಲ್ಲ. ಎಲ್ಲಕ್ಕಿಂತ ದೊಡ್ಡ ತೊಂದರೆ ಎಂದರೆ ಆಕೆಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ತರಬೇತಿಯ ದಿನಗಳಲ್ಲಿ ಸೈಕಲ್ ಮೇಲೆ ಹೋಗುತ್ತಿದ್ದಾಗ ಪೊಲೀಸನೊಬ್ಬ ತಡೆದು ಕೇಳಿದ್ದಕ್ಕೆ, ತಾನು ಗೂಢಚಾರಿಣಿಯ ತರಬೇತಿಯಲ್ಲಿದ್ದೇನೆ ಎಂದು ಹೇಳಿ ರೇಡಿಯೊ ತೋರಿಸಲು ಹೋದಳು ಎಂಬ ಕಥೆಯೂ ಇದೆ. ಪುಣ್ಯಕೋಟಿಯ ಕಥೆ ಕೇಳಿ ಬೆಳೆದ ನಮಗೆ ಇಂಥವಳು ಅಪರಿಚಿತಳಲ್ಲ. ಆದರೆ ಪುಣ್ಯಕೋಟಿಯನ್ನು ಗೂಢಚಾರಿಕೆಗೆ ಕಳಿಸುವವರು ಯಾರು?

ಆ ವಾರವೇ ನನಗೂ ಒಂದು ಕಂಪನಿಯಿಂದ ಮೇಲ್ ಬಂದಿತ್ತು. ದನಿ ಮೆತ್ತಗೆ, ಆತ್ಮವಿಶ್ವಾಸ ಸಾಲದು ಎಂದು ಪ್ಯಾನೆಲ್‌ನವರು ಬರೆದಿದ್ದರು. ಹಾಗಾಗಿ ಈ ಪುಟಗಳನ್ನು ಎರಡೆರಡು ಸಲ ಓದಿದೆ. ಒಪ್ಪಿಕೊಳ್ಳಬೇಕು, ಆ ತರಬೇತುದಾರರು ಕುರುಡರೇನಲ್ಲ. ಅವರು ಬರೆದದ್ದರಲ್ಲಿ ಬಹುಪಾಲು ನಿಜವೇ ಆಗಿತ್ತು. ಆಕೆಯ ಪರವಾಗಿ ಇದ್ದದ್ದು ಎರಡೇ: ಒಳ್ಳೆಯ ಫ್ರೆಂಚ್, ಒಳ್ಳೆಯ ಮೋರ್ಸ್. ಹೊರಡುವ ಮುನ್ನ ವಿಭಾಗದ ಅಧಿಕಾರಿ ವೆರಾ ಅಟ್ಕಿನ್ಸ್ ಆಕೆಯನ್ನು ಊಟಕ್ಕೆ ಕರೆದು, ಬೇಡವೆನಿಸಿದರೆ ಈಗಲೂ ಹಿಂದೆ ಸರಿಯಬಹುದು, ಯಾರೂ ತಪ್ಪು ತಿಳಿಯುವುದಿಲ್ಲ ಎಂದಳು. ನೂರ್ ಸರಿಯಲಿಲ್ಲ. ಸಂಕೇತ ಲಿಪಿ ಕಲಿಸುತ್ತಿದ್ದ ಲಿಯೊ ಮಾರ್ಕ್ಸ್ ಆಕೆಯ ಜಾತಕ ಕಥೆಗಳನ್ನು ಓದಿ, ಆ ಕಥೆಗಳ ಭಾಷೆಯಲ್ಲೇ ಪಾಠ ಹೇಳಿಕೊಟ್ಟ. ಸುಳ್ಳು ಹೇಳಲಾಗದ ಆಕೆಗಾಗಿ ಒಂದು ಗುಟ್ಟಿನ ಗುರುತನ್ನೂ ಕೊಟ್ಟ. ಹದಿನೆಂಟು ಅಕ್ಷರಗಳ ಕೀಲಿಯನ್ನು ಯಾವತ್ತೂ ಬಳಸಬೇಡ, ಶತ್ರುಗಳ ಕೈಗೆ ಸಿಕ್ಕಾಗ ಮಾತ್ರ ಬಳಸು ಎಂದ.

1943ರ ಜೂನ್ 16ರ ರಾತ್ರಿ ಬೆಳದಿಂಗಳಲ್ಲಿ ಸಣ್ಣ ಲೈಸಾಂಡರ್ ವಿಮಾನ ಆಕೆಯನ್ನು ಫ್ರಾನ್ಸಿನ ಆಂಜೆ ಪಟ್ಟಣದ ಹತ್ತಿರದ ಹೊಲವೊಂದರಲ್ಲಿ ಇಳಿಸಿತು. ಗುಪ್ತನಾಮ ಮ್ಯಾಡಲಿನ್. ಕಾಗದಪತ್ರಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುವ ದಾದಿ. ಎಸ್‌ಒಇ ಫ್ರಾನ್ಸಿಗೆ ಕಳಿಸಿದ ಮೊದಲ ಮಹಿಳಾ ವೈರ್‌ಲೆಸ್ ಆಪರೇಟರ್ ಆಕೆ.

ಹತ್ತು ದಿನವೂ ಕಳೆಯಲಿಲ್ಲ, ಆಕೆ ಸೇರಬೇಕಿದ್ದ ಪ್ರಾಸ್ಪರ್ ಎಂಬ ಗುಪ್ತಜಾಲವನ್ನು ಜರ್ಮನ್ನರು ಹಿಡಿದುಹಾಕಿದರು. ಮುಖ್ಯಸ್ಥ, ಅವನ ಆಪರೇಟರ್, ಊರೂರಿನ ಸಹಾಯಕರು, ಎಲ್ಲರೂ ಒಬ್ಬರ ಹಿಂದೊಬ್ಬರು ಸಿಕ್ಕಿಬಿದ್ದರು. ವಾಪಸು ಬಂದುಬಿಡು ಎಂದು ಲಂಡನ್ ಸೂಚಿಸಿತು. ನೂರ್ ಒಪ್ಪಲಿಲ್ಲ. ತಾನೂ ಹೊರಟರೆ ಪ್ಯಾರಿಸ್‌ನ ಆ ಜಾಲದಲ್ಲಿ ಉಳಿದವರಿಗೂ ಲಂಡನ್ನಿಗೂ ನಡುವಿನ ದಾರಿಯೇ ಮುಚ್ಚಿಹೋಗುತ್ತದೆ ಎಂಬುದು ಆಕೆಯ ವಾದ. ಕೋತಿರಾಜ ಮೈ ಚಾಚಿದ್ದು ಇಲ್ಲಿಯೇ ಎಂದು ನನಗನ್ನಿಸಿತು.

ಆಗ ಒಬ್ಬ ಆಪರೇಟರ್ ಸಿಕ್ಕಿಬೀಳದೆ ಉಳಿಯುವುದು ಹೆಚ್ಚೆಂದರೆ ಆರು ವಾರ ಎನ್ನುವ ಲೆಕ್ಕಾಚಾರವಿತ್ತು. ವೈರ್‌ಲೆಸ್ ಸೆಟ್ಟಿನ ಸೂಟ್‌ಕೇಸು ಸುಮಾರು ಹದಿನೈದು ಕಿಲೊ ಭಾರ. ಸಂದೇಶ ಕಳಿಸಲು ಉದ್ದನೆಯ ಏರಿಯಲ್ ತಂತಿ ಕಟ್ಟಬೇಕು. ಅಲೆಗಳ ಜಾಡು ಹಿಡಿಯುವ ಜರ್ಮನ್ ವ್ಯಾನುಗಳು ಬೀದಿ ಬೀದಿ ಸುತ್ತುತ್ತಿದ್ದವು. ಒಂದೇ ಕಡೆ ಇಪ್ಪತ್ತು ನಿಮಿಷ ಕೂತರೂ ಅಪಾಯ. ನೂರ್ ಮನೆಯಿಂದ ಮನೆಗೆ ಹಾರುತ್ತಾ, ಕೂದಲಿನ ಬಣ್ಣ ಬದಲಿಸುತ್ತಾ ಸಂದೇಶ ಕಳಿಸುತ್ತಲೇ ಹೋದಳು. ಒಮ್ಮೆ ಮೆಟ್ರೊ ರೈಲಿನಲ್ಲಿ ಇಬ್ಬರು ಜರ್ಮನ್ ಸೈನಿಕರು ಸೂಟ್‌ಕೇಸಿನಲ್ಲಿ ಏನಿದೆ ಎಂದು ಕೇಳಿದರಂತೆ. ಸಿನಿಮಾ ಯಂತ್ರ ಎಂದು ಹೇಳಿ, ಮುಚ್ಚಳ ಅಷ್ಟಿಷ್ಟು ತೆರೆದು ಬಲ್ಬುಗಳನ್ನೂ ತೋರಿಸಿದಳು. ಅವರು ನಂಬಿದರು. ಇನ್ನೊಮ್ಮೆ ಮನೆಯ ಹೊರಗೆ ಮರಕ್ಕೆ ಏರಿಯಲ್ ಕಟ್ಟಲು ಒದ್ದಾಡುತ್ತಿದ್ದಾಗ ಒಬ್ಬ ಜರ್ಮನ್ ಸೈನಿಕನೇ ಬಂದು, ಬಟ್ಟೆ ಒಣಹಾಕುವ ತಂತಿ ಎಂದುಕೊಂಡು ಕಟ್ಟಿಕೊಟ್ಟನಂತೆ. ಸುಳ್ಳು ಬಾರದು ಎಂದು ಷರಾ ಬರೆಸಿಕೊಂಡಿದ್ದ ಹುಡುಗಿ ಮೂರೂವರೆ ತಿಂಗಳಿಗೂ ಹೆಚ್ಚು ಕಾಲ ಪ್ಯಾರಿಸ್‌ನಲ್ಲಿ ಸಿಕ್ಕದೆ ಉಳಿದಳು. ಅಕ್ಟೋಬರ್‌ನಲ್ಲಿ ಯಾರೋ ಒಬ್ಬರು ಹಣಕ್ಕಾಗಿ ಆಕೆಯ ವಿಳಾಸವನ್ನು ಮಾರಿದರು. ಬಾಗಿಲು ತೆರೆದಾಗ ಒಳಗೆ ಗೆಸ್ಟಾಪೊ ಕಾದು ಕೂತಿತ್ತು. ಹಿಡಿಯಲು ಬಂದವನ ಕೈಯನ್ನು ಆಕೆ ರಕ್ತ ಬರುವಂತೆ ಕಚ್ಚಿದಳು.

ಇಲ್ಲಿಗೆ ನಿಲ್ಲಿಸಿದರೆ ಇದು ಸುಲಭದ ಕಥೆ. ವರದಿ ಬರೆದವರು ಸೋತರು, ನೂರ್ ಗೆದ್ದಳು ಎಂದು ಬರೆದು ನಾನೂ ಸಮಾಧಾನಪಡಬಹುದಿತ್ತು. ಆದರೆ ಗೆಸ್ಟಾಪೊ ಅಂದು ಆಕೆಯ ಕೋಣೆಯಲ್ಲಿ ಇನ್ನೂ ಒಂದು ವಸ್ತು ಹಿಡಿಯಿತು. ಒಂದು ನೋಟ್‌ಬುಕ್. ಕಳಿಸಿದ ಸಂದೇಶಗಳನ್ನೆಲ್ಲ ಸುಟ್ಟುಹಾಕಬೇಕಿದ್ದವಳು ಅದರಲ್ಲಿ ಒಂದೊಂದನ್ನೂ ಸಂಕೇತದಲ್ಲಿ ಮತ್ತು ಬಿಡಿಸಿದ ಭಾಷೆಯಲ್ಲಿ ಬರೆದಿಟ್ಟಿದ್ದಳು. ಸಂದೇಶಗಳ ಫೈಲಿಂಗ್ ಬಗ್ಗೆ ಎಚ್ಚರ ವಹಿಸು ಎಂದು ಕೊಟ್ಟಿದ್ದ ಸೂಚನೆಯನ್ನು ಜೋಪಾನವಾಗಿ ಇಟ್ಟುಕೊ ಎಂದು ಆಕೆ ಅರ್ಥ ಮಾಡಿಕೊಂಡಿದ್ದಳು ಎನ್ನುತ್ತಾರೆ. ಪಾಠದ ನೋಟ್ಸನ್ನು ಚೊಕ್ಕವಾಗಿ ಇಟ್ಟುಕೊಳ್ಳುವ ವಿದ್ಯಾರ್ಥಿನಿಯ ತಪ್ಪು ಅದು. ಜರ್ಮನ್ನರು ಆ ನೋಟ್‌ಬುಕ್ ನೋಡಿಕೊಂಡು, ಆಕೆಯ ಸೆಟ್ಟಿನಿಂದ ಆಕೆಯದೇ ಶೈಲಿಯಲ್ಲಿ ಲಂಡನ್ನಿಗೆ ಸಂದೇಶ ಕಳಿಸತೊಡಗಿದರು. ಹದಿನೆಂಟು ಅಕ್ಷರಗಳ ಕೀಲಿಯ ಸಂದೇಶ ತಲುಪಿತು, ತಾನು ಎಚ್ಚರಿಸಿದೆ ಎಂದು ಲಿಯೊ ಮಾರ್ಕ್ಸ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಮೇಲಿನವರು ನಂಬಿದ್ದು ಮಾತ್ರ ಜರ್ಮನ್ನರ ಸಂದೇಶಗಳನ್ನೇ. 1944ರ ಫೆಬ್ರುವರಿ ಕೊನೆಯಲ್ಲಿ ಮೂವರು ಏಜೆಂಟರು ಆ ಸಂದೇಶಗಳ ಮೇಲೆ ಭರವಸೆಯಿಟ್ಟು ಪ್ಯಾರಾಚೂಟ್‌ನಲ್ಲಿ ಇಳಿದರು. ಕೆಳಗೆ ಕಾಯುತ್ತಿದ್ದವರು ಗೆಸ್ಟಾಪೊ. ಆ ಮೂವರಲ್ಲಿ ಒಬ್ಬಳ ನಿಜವಾದ ಹೆಸರೇ ಮ್ಯಾಡಲಿನ್. ಮ್ಯಾಡಲಿನ್ ದಮೆರ್ಮಾಂ.

ಈ ಪುಟ ಓದಿದ ರಾತ್ರಿ ನಿದ್ದೆ ಬರಲಿಲ್ಲ. ತರಬೇತುದಾರರ ಅನುಮಾನ ನಿಜವಾಯಿತಲ್ಲ ಎಂದು ಮನಸ್ಸು ಕುಟುಕಿತು. ನೂರ್‌ಳನ್ನು ಕಳಿಸಲೇಬಾರದಿತ್ತು ಎನ್ನುವವರು ಇಂದಿಗೂ ಇದ್ದಾರೆ. ಅವರ ಮಾತಿನಲ್ಲೂ ಹುರುಳಿದೆ. ಒಬ್ಬ ವ್ಯಕ್ತಿಯನ್ನು ಮೆಚ್ಚಿಕೊಂಡ ಮಾತ್ರಕ್ಕೆ ಆಕೆಯ ತಪ್ಪನ್ನು ಅಳಿಸಿಹಾಕುವುದು, ಆ ತಪ್ಪಿಗೆ ಬೆಲೆ ತೆತ್ತವರಿಗೆ ಮಾಡುವ ಅನ್ಯಾಯ. ಹಾಗೆಯೇ ಆ ಒಂದು ತಪ್ಪನ್ನೇ ಆಕೆಯ ಪೂರ್ತಿ ಅಂಕಪಟ್ಟಿ ಮಾಡುವುದೂ ಅನ್ಯಾಯ. ಯಾಕೆಂದರೆ ಆಕೆಯ ಪರೀಕ್ಷೆ ಅಲ್ಲಿಗೆ ಮುಗಿದಿರಲಿಲ್ಲ.

ಪ್ಯಾರಿಸ್‌ನ ಅವೆನ್ಯೂ ಫಾಷ್ ಬೀದಿಯ 84ನೇ ನಂಬರಿನ ಕಟ್ಟಡದಲ್ಲಿ ಆಕೆಯನ್ನು ಇಟ್ಟರು. ಬಂದ ದಿನವೇ ಸ್ನಾನದ ಕೋಣೆಯ ಕಿಟಕಿಯಿಂದ ತಪ್ಪಿಸಿಕೊಳ್ಳಲು ಹೋಗಿ ಸಿಕ್ಕಿಬಿದ್ದಳು. ಅಣಕು ವಿಚಾರಣೆಯಲ್ಲಿ ಬೆದರಿ ಮುದುಡಿದ್ದವಳು ನಿಜವಾದ ವಿಚಾರಣೆಯಲ್ಲಿ ಬಾಯಿ ಬಿಡಲಿಲ್ಲ. ಆಕೆಯಿಂದ ಏನೂ ಹೊರಡಲಿಲ್ಲವೆಂದು ಯುದ್ಧ ಮುಗಿದ ಮೇಲೆ ಆ ಕಟ್ಟಡದ ಜರ್ಮನ್ ಅಧಿಕಾರಿ ಹಾನ್ಸ್ ಕೀಫರನೇ ಹೇಳಿಕೆ ಕೊಟ್ಟ. ನವೆಂಬರ್ 25ರ ರಾತ್ರಿ ಇನ್ನಿಬ್ಬರು ಕೈದಿಗಳೊಂದಿಗೆ ಸೇರಿ ಚಾವಣಿಯ ಕಿಂಡಿಯ ಸರಳು ಕಿತ್ತು ಮಾಡು ಹತ್ತಿದಳು. ಅದೇ ಹೊತ್ತಿಗೆ ಬ್ರಿಟಿಷ್ ವಿಮಾನಗಳು ಬಂದವೆಂದು ಸೈರನ್ ಕೂಗಿತು. ಕಾವಲುಗಾರರು ಕೈದಿಗಳನ್ನು ಎಣಿಸಿದರು, ಮೂವರು ಕಡಿಮೆ. ಮತ್ತೆ ಸಿಕ್ಕಿಬಿದ್ದಳು. ಇನ್ನು ತಪ್ಪಿಸಿಕೊಳ್ಳುವುದಿಲ್ಲ ಎಂದು ಬರೆದುಕೊಡು ಎಂದರು. ಬರೆದುಕೊಟ್ಟು ಆಮೇಲೆ ಮಾತು ಮುರಿಯಬಹುದಿತ್ತು, ಶತ್ರುವಿಗೆ ಕೊಟ್ಟ ಮಾತು ತಾನೆ. ನೂರ್ ಸಹಿ ಹಾಕಲಿಲ್ಲ. ಉಳಿಸಿಕೊಳ್ಳಲಾಗದ ಮಾತನ್ನು ಶತ್ರುವಿಗೂ ಕೊಡದ ಸ್ವಭಾವ ಅದು. ಸುಳ್ಳು ಬಾರದು ಎಂಬ ಆ ಷರಾ ಇಲ್ಲಿ ಬೇರೆಯೇ ಅರ್ಥ ಪಡೆಯಿತು.

ಆಕೆಯನ್ನು ಜರ್ಮನಿಯ ಫೋರ್ಟ್ಸ್‌ಹೈಮ್ ಜೈಲಿಗೆ ಸಾಗಿಸಿದರು. ಅತ್ಯಂತ ಅಪಾಯಕಾರಿ ಕೈದಿ ಎಂದು ವರ್ಗೀಕರಿಸಿ, ಕೈಕಾಲಿಗೆ ಸರಪಳಿ ಬಿಗಿದು, ಹತ್ತು ತಿಂಗಳು ಒಂಟಿ ಕೋಣೆಯಲ್ಲಿ ಕೂಡಿಹಾಕಿದರು. ಊಟದ ತಟ್ಟೆ, ಲೋಟಗಳ ತಳದಲ್ಲಿ ಗೀಚಿದ ಅಕ್ಷರಗಳ ಮೂಲಕ ಬೇರೆ ಕೈದಿಗಳೊಡನೆ ಮಾತಾಡಿದಳು. ರಾತ್ರಿ ಆಕೆ ಅಳುವುದು ಪಕ್ಕದ ಕೋಣೆಗಳಿಗೆ ಕೇಳಿಸುತ್ತಿತ್ತಂತೆ. 1944ರ ಸೆಪ್ಟೆಂಬರ್‌ನಲ್ಲಿ ಆಕೆಯನ್ನೂ ಇನ್ನು ಮೂವರು ಮಹಿಳಾ ಏಜೆಂಟರನ್ನೂ ಡಾಖಾವ್ ಶಿಬಿರಕ್ಕೆ ಒಯ್ದರು. ಸೆಪ್ಟೆಂಬರ್ 13ರ ನಸುಕಿನಲ್ಲಿ ನಾಲ್ವರನ್ನೂ ಗುಂಡಿಟ್ಟು ಕೊಂದರು. ಆ ನಾಲ್ವರಲ್ಲಿ ಮ್ಯಾಡಲಿನ್ ದಮೆರ್ಮಾಂ ಕೂಡ ಇದ್ದಳು. ತನ್ನ ಸೆಟ್ಟಿನ ಹೆಸರಿನಲ್ಲಿ ಹೆಣೆದ ಬಲೆಗೆ ಬಿದ್ದವಳೇ ಈಕೆ ಎಂಬುದು ನೂರ್‌ಗೆ ಆ ಪ್ರಯಾಣದಲ್ಲಿ ತಿಳಿಯಿತೋ ಇಲ್ಲವೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ನೂರ್‌ಗೆ ಆಗ ಮೂವತ್ತು ವರ್ಷ.

1949ರಲ್ಲಿ ಬ್ರಿಟನ್ ಆಕೆಗೆ ಮರಣೋತ್ತರವಾಗಿ ಜಾರ್ಜ್ ಕ್ರಾಸ್ ಪದಕ ಕೊಟ್ಟಿತು. ಅದಕ್ಕೂ ಮೊದಲೇ ಫ್ರಾನ್ಸ್ ಕ್ರ್ವಾ ದ ಗೇರ್ ಕೊಟ್ಟಿತ್ತು. 2012ರ ನವೆಂಬರ್‌ನಲ್ಲಿ ಲಂಡನ್ನಿನ ಗಾರ್ಡನ್ ಸ್ಕ್ವೇರ್‌ನಲ್ಲಿ ಆಕೆಯ ಪ್ರತಿಮೆ ನಿಂತಿತು. ಸ್ವತಂತ್ರ ಭಾರತದ ಪರ ನಿಲ್ಲುತ್ತೇನೆ ಎಂದಿದ್ದವಳು 1947ನ್ನು ಕಾಣಲಿಲ್ಲ.

ಎರಡು ವಾರದ ನಂತರ ಹೊಸ ಹಾಳೆ ಹಿಡಿದು ಟೆರೇಸಿಗೆ ಹೋದೆ. ಮನೆತನದ ಸಾಲಿನಲ್ಲಿ ಟಿಪ್ಪು ಇರಲಿಲ್ಲ. ನನ್ನ ಪಾತ್ರಕ್ಕೆ ನೂರ್ ಜತೆ ರಕ್ತಸಂಬಂಧವೇ ಇಲ್ಲ. ಆಕೆ ಸುರೇನ್‌ನ ಒಬ್ಬ ಸಾಮಾನ್ಯ ಹುಡುಗಿ. 1939ರಲ್ಲಿ ಎಂಟು ವರ್ಷದವಳು, ರೇಡಿಯೊದಲ್ಲಿ ಬರುತ್ತಿದ್ದ ನೂರ್ ಕಥೆಗಳನ್ನು ಕೇಳಿದವಳು. ಈಗ, ನಮ್ಮ ಆಟದ 1956ರಲ್ಲಿ, ಇಪ್ಪತ್ತೈದರ ತರುಣಿ. ದೌರ್ಬಲ್ಯ: ಸುಳ್ಳು ಹೇಳುವಾಗ ತೊದಲುತ್ತಾಳೆ. ಅಭ್ಯಾಸ: ಓದಿದ ಪ್ರತಿ ಚೀಟಿಯನ್ನೂ ಅಲ್ಲೇ ಸುಡುತ್ತಾಳೆ. ಬಳುವಳಿ: ಚಿಕ್ಕಂದಿನಲ್ಲಿ ಕೇಳಿದ ಒಂದು ಕಥೆ.

ಗೇಮ್ ಮಾಸ್ಟರ್ ಓದಿ ಸುಮ್ಮನೆ ಕೂತ. ಇದಕ್ಕೆ ಎರಡು ಅಂಕ ಯಾವ ಕೌಶಲಕ್ಕೆ ಸೇರಿಸಲಿ ಎಂದು ಕೇಳಿದ. ಯಾವುದಕ್ಕೂ ಬೇಡ ಎಂದೆ. ಅದರ ಬದಲು ಒಂದು ನಿಯಮ ಕೇಳಿಕೊಂಡೆ. ಎಲ್ಲರೂ ಓಡಿಹೋಗುವ ಹೊತ್ತಿನಲ್ಲಿ ನನ್ನ ಪಾತ್ರ ಉಳಿಯಬೇಕೋ ಹೊರಡಬೇಕೋ ಎಂಬುದಕ್ಕೆ ಮಾತ್ರ ದಾಳ ಉರುಳಿಸುವಂತಿಲ್ಲ. ಗೆಲುವು ಸೋಲು ದಾಳಕ್ಕೆ ಬಿಟ್ಟದ್ದು, ಉಳಿಯುವುದು ನನಗೆ ಬಿಟ್ಟದ್ದು. ಉಳಿದ ಮೂವರೂ ತಲೆಯಾಡಿಸಿದರು. ನಿಯಮ ಪಾಸಾಯಿತು.

ಆ ಪಾತ್ರ ಐದನೇ ಭಾನುವಾರ ಸಿಕ್ಕಿಬಿತ್ತು. ಸುಳ್ಳು ಹೇಳಲು ಹೋದಾಗ ದಾಳ ಕೈಕೊಟ್ಟಿತು. ಆಟದಲ್ಲಾದರೆ ಇನ್ನೊಂದು ಖಾಲಿ ಹಾಳೆ ಸಿಗುತ್ತದೆ. ನಾನೂ ತೆಗೆದುಕೊಂಡೆ. ಹಳೆಯ ಹಾಳೆಯನ್ನು ಎಸೆಯಲು ಮನಸ್ಸಾಗದೆ ಮಡಿಸಿ ನನ್ನ ಸರ್ಟಿಫಿಕೇಟ್ ಫೈಲಿನೊಳಗೆ ಇಟ್ಟಿದ್ದೇನೆ. ಮುಂದಿನ ವಾರ ಬೆಂಗಳೂರಿನಲ್ಲಿ ಇನ್ನೊಂದು ಇಂಟರ್‌ವ್ಯೂ ಇದೆ. ನನ್ನ ದನಿ ಈಗಲೂ ಮೆತ್ತಗೇ ಇದೆ. ಫೈಲು ಮಾತ್ರ ಜತೆಗೆ ಬರುತ್ತದೆ.